ಕತ್ತರಿಸಿದ ಉಡದಾರ

ಸೊಲ್ಲಾಪುರ, ಮಾರ್ಚ್ 1974

ಅತ್ತೆಯವರಿಗೆ ಇಂದುಬಾಯಿಯ ಶರಣು.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗ ಆರಾಮಾಗಿದ್ದಾರೆ. ಹೊಟ್ಟೆಯಲ್ಲಿ ತುಂಬಿದ್ದ ನೀರು ಇಳಿದಿದೆ. ನಿಂಬೆಹಣ್ಣಿನಷ್ಟು ಹೊರಬಂದಿದ್ದ ಹೊಕ್ಕುಳ ಒಳಗೆ ಕೂತಿದೆ.

ನೀರನ್ನು ಮೂತ್ರವಾಗಿ ಇಳಿಸುವ ಗುಳಿಗೆಯಿಂದ ಇಂಥ ಹೊಕ್ಕುಳಕ್ಕೆ ಏನಾಗುತ್ತದೆಂದು ಇಲ್ಲಿಯ ಆಸ್ಪತ್ರೆಯ ಡಾಕ್ಟರರು ಸಂಶೋಧನೆ ಮಾಡುತ್ತಿದ್ದಾರಲ್ಲ, ಅದಕ್ಕೆ ಆರಿಸಿದ ರೋಗಿಗಳಲ್ಲಿ ಇವರೂ ಒಬ್ಬರು. ನೀರು ಒಮ್ಮೆಲೇ ಇಳಿದರೆ ಕರುಳು ಹೊಕ್ಕುಳದಲ್ಲಿ ಸಿಕ್ಕಿಕೊಂಡೀತೆಂದು, ದಿನಾ ಹೊಟ್ಟೆಗೆ ಟೇಪು ಸುತ್ತಿ ಅಳೆದು, ಗುಳಿಗೆಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿದರು. ಆ ಟೇಪಿಗೆ ಅಡ್ಡ ಬಂತೆಂದೇ ಉಡದಾರ ಕತ್ತರಿಸಿದ್ದು. "ಸತ್ತಾವ್ರ ಉಡದಾರ ಹರೀತಾರ, ನನ್ನ ಮಗಾ ಇನ್ನೂ ಅದಾನ" ಎಂದು ನೀವು ಸಿಟ್ಟಿನಲ್ಲಿ ಬಸ್ಸು ಹತ್ತಿದಿರಿ. ನನಗೂ ಅದು ಅಪಶಕುನವೆನಿಸಿತ್ತು, ನಿಮ್ಮೆದುರು ತೋರಿಸಲಿಲ್ಲ. ನಿಮ್ಮ ಚೀಲ ಇಲ್ಲೇ ಉಳಿದಿದೆ.

ಇಂದು ಮುಂಜಾನೆ ಇವರು ಹೊಟ್ಟೆ ಸವರಿಕೊಂಡು, "ಅವ್ವಗ ಬರಿ, ಹೊಸಾದು ಆಕಿನ ಬಂದು ಕಟ್ಲಿ" ಅಂದರು.

ಸೋಮವಾರ ಬನ್ನಿ. ಉಪ್ಪಿನಕಾಯಿ ತರಬೇಡಿ, ಡಾಕ್ಟರರು ಉಪ್ಪು ಬಿಡಿಸಿದ್ದಾರೆ. ದೇವರ ಹಿಪ್ಪರಗಿ ಸಂತೆಯಲ್ಲಿ ಕರಿ ಉಡದಾರ ಕೊಳ್ಳುವಾಗ ಕತ್ತರಿಸಿದ್ದರ ಅಳತೆ ಹೇಳಬೇಡಿ, ಅದು ಉಬ್ಬಿದ್ದ ಹೊಟ್ಟೆಯದು. ನಮ್ಮ ಮದುವೆಯಲ್ಲಿ ಕಟ್ಟಿದ್ದಿರಲ್ಲ, ಆ ಅಳತೆಯದೇ ಸಾಕು.

ನಿಮ್ಮ ಸೊಸೆ
ಇಂದುಬಾಯಿ