ರಸ್ತೆಯಾಚೆ ಕೂತ ಕೆಂಚ

ಮನೆಯಿಂದ,
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಜೈಲಿನ ಡಾಕ್ಟರಿಗೆ ಇನ್ನೊಮ್ಮೆ ತೋರಿಸು, ಸಂಕೋಚಪಟ್ಟು ಸುಮ್ಮನಿರಬೇಡ. ನಾನು ಚೆನ್ನಾಗಿದ್ದೇನೆ, ಅಂದರೆ ಓಡಾಡಿಕೊಂಡಿದ್ದೇನೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಗೇಟಿನ ಚಿಲಕ ನೋಡಿ ಬಂದೆ.

ಎಲ್ಲಾ ನಿನ್ನ ನಾಯಿಯ ದೆಸೆಯಿಂದ. ನೀನು ಹೋದಾಗಿನಿಂದ ಯಾವ ಲಾರಿಯ ಸದ್ದು ಕೇಳಿದರೂ ನೀನೇ ಬಂದೆ ಎಂದು ಕೆಂಚ ಎದ್ದುಬಿದ್ದು ರಸ್ತೆಗೆ ಓಡುತ್ತಾನೆ. ಕಟ್ಟಿಹಾಕಿದರೆ ಅನ್ನ ಮುಟ್ಟುವುದಿಲ್ಲ. ಅದಕ್ಕೇ, ಎಷ್ಟು ದೂರದಲ್ಲಿದ್ದರೂ ಹೇಳಿದ ಕೂಡಲೇ ಕೂರುವುದನ್ನು ಕಲಿಸಲು ಹೊರಟೆ. ಪಕ್ಕದಲ್ಲಿದ್ದರೆ ಮಹಾ ಸಭ್ಯ. ಇಪ್ಪತ್ತು ಹೆಜ್ಜೆ ಆಚೆಯಿಂದ ಹೇಳಿದರೆ ಮಾತ್ರ ಬಾಲ ಆಡಿಸುತ್ತಾ ನನ್ನ ಹತ್ತಿರ ಓಡಿಬಂದು, ಆಮೇಲೆ ಕೂರುತ್ತಾನೆ! ಎದುರುಮನೆಯ ನಿವೃತ್ತ ಕಾವಲುಗಾರರು ಹೊಟ್ಟೆ ಹಿಡಿದು ನಕ್ಕರು. "ನಿನ್ನ ಕಾಲ ಬುಡದಲ್ಲಿ ಕೂತ್ರೇನೇ ಕೂತ ಹಾಗೆ ಅಂದ್ಕೊಂಡಿದಾನಮ್ಮ. ಹಿಂದೆ ಕಂಬಕ್ಕೆ ಕಟ್ಟು, ಮುಂದೆ ಬರೋಕಾಗಬಾರದು. ಕೂತಮೇಲೆ ನೀನೇ ಹೋಗಿ ತಿನ್ನೋಕೆ ಕೊಡು" ಎಂದರು. ಎರಡು ತಿಂಗಳು, ಹೊಲಿಗೆ ಅಂಗಡಿಯಿಂದ ಬಂದು ದಿನವೂ ಅದೇ ಕೆಲಸ. ಕೈ ಎತ್ತುವುದು, ಕೂಗುವುದು, ಮೊಟ್ಟೆಯ ಚೂರು ಹಿಡಿದು ಓಡುವುದು. ಅಮ್ಮ ಅಡುಗೆಮನೆಯ ಕಿಟಕಿಯಿಂದ "ಹೊಲಿಗೆ ಬಿಟ್ಟು ಸರ್ಕಸ್ ಸೇರ್ಕೋ" ಎನ್ನುತ್ತಿದ್ದಳು. ನಿನ್ನ ಸುದ್ದಿ ಎತ್ತಿದೆನೋ, ಕಿಟಕಿ ಮುಚ್ಚುತ್ತಿದ್ದಳು. ನಿನ್ನ ಲಾರಿಗೆ ಸಿಕ್ಕಿ ಆ ಸೈಕಲ್ಲಿನವರು ಸತ್ತ ದಿನದಿಂದ ನಿನ್ನ ಮುಖ ನೋಡುವುದಿಲ್ಲವೆಂದು ಅವಳದು ಒಂದೇ ಹಟ, ನಿನಗೇ ಗೊತ್ತಲ್ಲ.

ಮೊನ್ನೆ ಭಾನುವಾರ ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೆಂಚ ಗೇಟು ನೂಕಿಕೊಂಡು ರಸ್ತೆ ದಾಟಿಬಿಟ್ಟಿದ್ದ. ತಿರುವಿನಲ್ಲಿ ಇಟ್ಟಿಗೆ ಲಾರಿ. ಅದರತ್ತ ಜಿಗಿಯಲು ಅವನು ಮೈ ಕುಗ್ಗಿಸಿದ್ದು ಕಂಡಿತು. ಕೈಯಲ್ಲಿದ್ದ ಬಟ್ಟೆ ಬಿಸಾಕಿ ಮಹಡಿಯ ಅಂಚಿಗೆ ಓಡಿದೆ. ಅಷ್ಟರಲ್ಲಿ ಕೆಳಗಿನಿಂದ ಕೇಳಿತು: "ಕೂತ್ಕೋ!" ಅಮ್ಮ ಗೇಟಿನಲ್ಲಿ ಕೈ ಎತ್ತಿ ನಿಂತಿದ್ದಳು. ಕೆಂಚ ರಸ್ತೆಯಾಚೆ ನಿಂತಲ್ಲೇ ಕುಕ್ಕರಿಸಿದ. ಲಾರಿ ಕಿರುಗುಟ್ಟುತ್ತಾ ಹೋಗಿ ಮುಂದೆ ನಿಂತಿತು.

ನಾನು ಇಳಿದುಬಂದಾಗ ಚಾಲಕ ನಮ್ಮ ಮೆಟ್ಟಿಲ ಮೇಲೆ ಕೂತಿದ್ದ. ಮೀಸೆ ನರೆತ ಮನುಷ್ಯ, ನೀರು ಕುಡಿಯುತ್ತಿದ್ದಂತೆಯೇ ಕಣ್ಣು ಮುಚ್ಚಿಹೋಗುತ್ತಿತ್ತು. ಅಮ್ಮ ಕೇಳಿದಳು: "ನಿದ್ದೆ ಮಾಡಿ ಎಷ್ಟು ಹೊತ್ತಾಯ್ತಪ್ಪಾ?" ಅವನು ತಲೆ ತಗ್ಗಿಸಿ, "ಎರಡು ದಿನ ಆಯ್ತಮ್ಮ. ನಿಲ್ಲಿಸಿದ್ರೆ ಕೆಲಸದಿಂದ ತೆಗೀತಾರೆ" ಎಂದ. ನೀನು ಕೋರ್ಟಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತಲ್ಲವೇ? ಅಮ್ಮ ಅವತ್ತು ಕೋರ್ಟಿಗೆ ಬಂದಿರಲಿಲ್ಲ. ಈಗ ಅವನ ಕೈಯಿಂದ ಲೋಟ ತೆಗೆದುಕೊಂಡಳು. ಆಮೇಲೆ ಹದಿನಾಲ್ಕು ತಿಂಗಳಿಂದ ಬೀಗ ಹಾಕಿದ್ದ ನಿನ್ನ ಕೋಣೆ ತೆಗೆದು, ಹಾಸಿಗೆ ಕೊಡವಿ, "ಮಲಗಿ ಎದ್ದು ಹೋಗು, ನಿನ್ನ ಯಜಮಾನರಿಗೆ ನಾನು ಹೇಳ್ತೀನಿ" ಎಂದಳು. ಸಂಜೆಯವರೆಗೆ ಆ ಮನುಷ್ಯ ಗೊರಕೆ ಹೊಡೆದ. ಅಮ್ಮ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೇ ಇದ್ದಳು.

ಎದುರುಮನೆಯ ಕಾವಲುಗಾರರು ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ಮೈ ಜೋಪಾನ, ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ,
ತಂಗಿ

ತಾ.ಕ.: ಅಂಚೆಗೆ ಹೊತ್ತಾಯಿತು. ಶನಿವಾರ ಭೇಟಿಯ ಅರ್ಜಿಯಲ್ಲಿ ನನ್ನ ಹೆಸರಿರುವುದಿಲ್ಲ. ಅಮ್ಮನೇ ಕೇಳಿ ತೆಗೆದುಕೊಂಡು ಸಹಿ ಹಾಕಿದ್ದಾಳೆ, ಒಬ್ಬಳೇ ಬರುತ್ತಾಳಂತೆ. ಏನು ಹೇಳುತ್ತಾಳೋ ನನಗೂ ತಿಳಿಸಿಲ್ಲ. ನೋಡಿದ ಕೂಡಲೇ ಕ್ಷಮೆ ಕೇಳಲು ಹೋಗಬೇಡ ಅಣ್ಣಾ. ಮೊದಲು ಅವಳು ಮಾತಾಡಲಿ.