ಚಳಿಗಾಲದ ಸಿಳ್ಳೆ

ಪುಟ್ಟಿ,

ಚಳಿಗಾಲದಲ್ಲಿ ಹಾಡುಹಕ್ಕಿಯ ಮಿದುಳಿನಲ್ಲಿ ಹಾಡಿನ ಭಾಗ ಕುಗ್ಗುತ್ತದೆ, ವಸಂತಕ್ಕೆ ಮತ್ತೆ ಬೆಳೆಯುತ್ತದೆ ಎಂದು ನೀನು ಹೇಳಿದಾಗ, "ಹೋಗೇ, ನಿನ್ನ ಮಾವನ ಮಿದುಳು ವರ್ಷವೆಲ್ಲ ಒಂದೇ ಸೈಜು" ಎಂದು ನಕ್ಕಿದ್ದೆ.

ನೀನು ಹೇಳದೆ ಕೇಳದೆ ಊರು ಬಿಟ್ಟು ಹೊರಟುಹೋಗಿ ಎರಡು ವರ್ಷವಾಯಿತು. ಇವತ್ತು ನಿನ್ನ ಪ್ರಯೋಗಾಲಯದಿಂದ ನಿನ್ನ ಪೆಟ್ಟಿಗೆ ತರಲು ಹೋಗಿದ್ದೆ. ನಿನ್ನ ಪ್ರೊಫೆಸರು ನಿನ್ನ ಚಳಿಗಾಲದ ರೆಕಾರ್ಡಿಂಗ್ ಕೇಳಿಸಿದರು.

"ಚಳೀಲಿ ಹಕ್ಕಿ ಹೀಗೆ ಹಾಡಿದ್ರೆ ಅವಳ ಮಾತು ಹೇಗ್ರೀ ನಂಬೋದು? ಅದಕ್ಕೇ ಪ್ರಬಂಧ ತಳ್ಳಿಹಾಕಿದ್ವಿ."

ಹಾಡಿದ್ದು ನಾನು. ನಿನ್ನನ್ನು ಬೇಸ್ತು ಬೀಳಿಸಲು ಮೈಕಿನ ಪಕ್ಕದ ಪೊದೆಯಲ್ಲಿ ಕೂತು ಸಿಳ್ಳೆ ಹೊಡೆದಿದ್ದೆ. ಹಕ್ಕಿಗಳೇ ನನ್ನ ಸಿಳ್ಳೆಗೆ ಮೋಸ ಹೋಗುತ್ತವೆಂದು ಕಂಡವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದವನು ನಾನೇ.

"ಏನು ಕಂಠ ಅಲ್ವಾ ಆ ಹಕ್ಕಿದು?" ಎಂದರು.

"ಹೌದು ಸಾರ್" ಎಂದು ಪೆಟ್ಟಿಗೆ ಎತ್ತಿಕೊಂಡು ಬಂದೆ.