ಕಡಲಲ್ಲಿ ಆಡಬಾರದ ಮಾತು

ಪೋರ್ಟಾರ್ಡಿ,
೧೭ ನವೆಂಬರ್ ೧೯೩೬, ಮಂಗಳವಾರ

ನನ್ನ ಎಪ್ಪಿ,

ಒಂಬತ್ತು ವರ್ಷದ ಮೇಲೆ ಈ ಕೈಬರಹ ಕಂಡು, ಲಕೋಟೆ ಒಡೆಯದೆ ಮೇಜಿನ ಮೇಲಿಟ್ಟುಕೊಂಡು ಕೂತಿರುತ್ತೀಯೇನೋ. ಒಡೆದು ಓದು ಮಗಳೇ. ಬೈಗುಳ ಇಲ್ಲ. ಅಕ್ಷರ ಮಾತ್ರ ಮೊದಲಿಗಿಂತ ಕೆಟ್ಟಿದೆ. ಹೆರಿಂಗ್ ಮೀನು ಸೀಳಿ ಸೀಳಿ ನನ್ನ ಬೆರಳುಗಳ ಗತಿ ಏನಾಗಿದೆ ಅಂತ ನಿನಗೆ ಗೊತ್ತೇ ಇದೆ. ಈಗ ಚಳಿ ಬಂತೆಂದರೆ ಎರಡು ಬೆರಳು ಮಡಚುವುದೇ ಇಲ್ಲ.

ಹೋದ ತಿಂಗಳು ನಿನ್ನಪ್ಪನನ್ನು ಮಣ್ಣು ಮಾಡಿದ ದಿನ ನೀನು ಬಂದಿದ್ದೆಯಂತೆ. ನಾವು ಹೆಂಗಸರು ವಾಡಿಕೆಯಂತೆ ಮನೆಯಲ್ಲೇ ಕೂತಿದ್ದೆವು. ಗಂಡಸರು ವಾಪಸು ಬಂದಾಗ ಮಾಸ್ತರರು ನನ್ನ ಕಿವಿಯಲ್ಲಿ, "ಎಪ್ಪಿ ಸ್ಮಶಾನದ ಗೋಡೆಯಾಚೆ ನಿಂತಿದ್ಲು, ಬೆಲ್. ಕರೆದೆ, ಬರ್ಲಿಲ್ಲ. ಎರಡು ಗಂಟೆ ಬಸ್ಸಿಗೆ ಹೊರಟುಹೋದ್ಲು" ಅಂದರು. ಗಡಿಯಾರ ನೋಡಿದೆ. ಎರಡೂಕಾಲು. ಚಹಾ ಸುರಿಯುತ್ತಿದ್ದೆ, ಸುರಿಯುತ್ತಲೇ ಇದ್ದೆ. ಬಸ್ಸು ನಮ್ಮ ಮನೆ ಮುಂದೆಯೇ ಹೋಗಿರಬೇಕು.

ಈ ಪತ್ರ ಯಾಕೆ ಬರೆಯಬೇಕಾಯಿತು ಅಂತ ಹೇಳುತ್ತೇನೆ. ಶುಕ್ರವಾರ ಮಾಸ್ತರರು ಮತ್ತೆ ಬಂದಿದ್ದರು. ಶಾಲೆಯ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ದೊಡ್ಡ ಮನುಷ್ಯರ ಚಿತ್ರಗಳು ನಿನಗೆ ನೆನಪಿರಬೇಕು. ಯಂತ್ರ ಕಟ್ಟಿದವರು, ಔಷಧ ಕಂಡುಹಿಡಿದವರು, ಕವಿಗಳು, ಎಲ್ಲರಿಗೂ ಎದೆತನಕ ಗಡ್ಡ. ಚಿಕ್ಕವಳಿದ್ದಾಗ ಅವರ ಹೆಸರುಗಳನ್ನು ನೀನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಆ ಸಾಲಿನ ಕೊನೆಗೆ ನಿನ್ನ ಚಿತ್ರ ಹಾಕಬೇಕಂತೆ. ಎಡಿನ್‌ಬರೋದಲ್ಲಿ ನಿನಗೆ ಪದಕ ಕೊಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ಸಮುದ್ರದ ಜನರ ಭಾಷೆಯ ಬಗ್ಗೆ ಈ ದೇಶದಲ್ಲಿ ಇಂಥ ಪುಸ್ತಕ ಬಂದೇ ಇಲ್ಲ ಅಂತ ಬರೆದಿದ್ದಾರೆ. "ಈ ಕರಾವಳಿಯಿಂದ ಇಂಥ ವಿದ್ವಾಂಸರು ಇನ್ನೊಬ್ಬರು ಬಂದಿಲ್ಲ, ಬೆಲ್. ಒಂದು ಫೋಟೋ ಇದ್ರೆ ಕೊಡಿ" ಅಂದರು.

ಇಲ್ಲ ಅಂದೆ. ಇತ್ತು, ಇಲ್ಲ ಅಂದೆ.

ಅವರು ಹೋಗದೆ ಟೋಪಿಯನ್ನು ತಿರುಗಿಸುತ್ತ ನಿಂತರು. ಆಮೇಲೆ ನಿಜ ಹೇಳಿದರು. ಶಾಲೆಯ ಸಭೆಗೆ ಕಿರ್ಸ್ಟಿ ಬಂದಿದ್ದಳಂತೆ. "ಅವಳ ಚಿತ್ರ ಆ ಗೋಡೆಗೆ ಬಂತೋ, ನನ್ನ ಮೊಮ್ಮಕ್ಕಳು ಆ ಬಾಗಿಲು ದಾಟಲ್ಲ. ಐದು ಜನರನ್ನ ನೀರಿಗೆ ಹಾಕಿದ ಪುಸ್ತಕ ಅದು" ಅಂದಳಂತೆ. ಯಾರೂ ಎದುರಾಡಲಿಲ್ಲ. ಹೇಗೆ ಎದುರಾಡುತ್ತಾರೆ? ಆ ಐವರಲ್ಲಿ ಅವಳ ಗಂಡನೂ ಒಬ್ಬ, ಮುಳುಗಿದ್ದು ನಮ್ಮ ದೋಣಿಯಲ್ಲಿ.

ನಿನ್ನ ಪುಸ್ತಕ ನಮಗೆ ಆಗಸ್ಟಿನಲ್ಲೇ ಬಂತು. ನಿನ್ನಪ್ಪ ಅಷ್ಟರಲ್ಲಾಗಲೇ ಎದೆನೋವಿನಿಂದ ಹಾಸಿಗೆ ಹಿಡಿದಿದ್ದ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಾಗಿ ಮಧ್ಯಾಹ್ನದ ಹೊತ್ತು ನಾನೇ ಓದಿ ಹೇಳುತ್ತಿದ್ದೆ. ಕಡಲಲ್ಲಿ ಪಾದ್ರಿಯನ್ನು ಪಾದ್ರಿ ಅನ್ನಬಾರದು, ಕರಿಕೋಟು ಅನ್ನಬೇಕು. ಹಂದಿಯನ್ನು ಸುರುಳಿಬಾಲ ಅನ್ನಬೇಕು. ಸಾಲ್ಮನ್ ಮೀನನ್ನು ಬರೀ ಕೆಂಪು ಮೀನು ಅನ್ನಬೇಕು. ತಪ್ಪಿ ಬಾಯಿಗೆ ಬಂದರೆ ತಣ್ಣನೆಯ ಕಬ್ಬಿಣ ಮುಟ್ಟಬೇಕು. ಇದನ್ನೆಲ್ಲ ನಾನು ಗಟ್ಟಿಯಾಗಿ ಓದಿದಾಗ ಪಾಪ, ಅವನ ಕೈ ತನ್ನಷ್ಟಕ್ಕೆ ಒಲೆ ಪಕ್ಕದ ಆ ಪೆಟ್ಟಿಗೆ ಮಂಚದ ಬಾಗಿಲಿನ ಕಬ್ಬಿಣದ ಚಿಲಕ ಹುಡುಕುತ್ತಿತ್ತು. ನಗು ಬಂತು ನನಗೆ. ಅವನಿಗೂ ಬಂತು. ಒಂದು ಕಡೆ ತಡೆದು, "ಈ ಮಾತು ನಮ್ಮೂರದ್ದಲ್ಲ ಕಣೆ, ಪಕ್ಕದೂರಿನ ಬಲೆಗಳ್ಳರದ್ದು. ಅಷ್ಟು ಓದಿದ ಹುಡುಗಿಗೆ ಇಷ್ಟು ಗೊತ್ತಾಗ್ಲಿಲ್ವಾ? ಗೀಚು, ಪಕ್ಕದಲ್ಲಿ ಗೀಚು" ಅಂತ ನನ್ನಿಂದ ಪೆನ್ಸಿಲಿನಲ್ಲಿ ಗುರುತು ಹಾಕಿಸಿದ. ಹೀಗೆ ಹದಿನೇಳು ಕಡೆ ಗುರುತು ಹಾಕಿದ್ದೇನೆ. ಅಷ್ಟು ಖುಷಿಯಾಗಿ ಅವನನ್ನು ನೋಡಿ ಬಹಳ ವರ್ಷವಾಗಿತ್ತು.

ಮುನ್ನುಡಿಯನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಅದೂ ಬೇಕು ಅಂದ. ಓದಿದೆ. "ಹೆಂಗಸೊಬ್ಬಳು ಕೇಳಿದರೆ ಯಾರೂ ಹೇಳದ ಮಾತುಗಳನ್ನು ನನಗಾಗಿ ಕೇಳಿಸಿಕೊಂಡ ನನ್ನ ತಮ್ಮ ಆಲಿಕ್‌ನಿಗೆ" ಅಂತ ಶುರು. ಅದರ ಕೆಳಗೆ, ಅವನು ಬರೆದ ಟಿಪ್ಪಣಿ ಪುಸ್ತಕ ಅವನ ಜೊತೆಗೇ ದೋಣಿಯಲ್ಲಿ ಮುಳುಗಿತು, ಆ ಮಾತುಗಳು ಇನ್ನೆಂದೂ ಸಿಗುವುದಿಲ್ಲ, ಅದನ್ನು ದೋಣಿಗೆ ಒಯ್ಯುವಂತೆ ಮಾಡಿದ ಹೊರೆ ನನ್ನದು, ಅದನ್ನು ನಾನೇ ಹೊರುತ್ತೇನೆ ಅಂತ ಬರೆದಿದ್ದೀಯ.

ನಿನ್ನಪ್ಪ ಇನ್ನೊಂದು ಸಲ ಓದಿಸಿದ. ಮೂರನೇ ಸಲವೂ ಓದಿಸಿದ.

ಎಪ್ಪಿ, ಆ ಪುಸ್ತಕ ಮುಳುಗಲಿಲ್ಲ. ಅದು ದೋಣಿಗೆ ಹೋಗಲೇ ಇಲ್ಲ.

ಆ ಮಾರ್ಚ್ ತಿಂಗಳ ಬೆಳಿಗ್ಗೆ ಏನಾಯಿತು ಅಂತ ಯಾರಿಗೂ ಹೇಳಿಲ್ಲ. ನಿನ್ನಪ್ಪ ಕೊಕ್ಕೆ ಚುಚ್ಚಿ ಕೈ ಬಾತು, ಜ್ವರ ಬಂದು ಮಲಗಿದ್ದನಲ್ಲ, ದೋಣಿಯ ಯಜಮಾನಿಕೆ ಆ ವಾರ ಆಲಿಕ್‌ನದು. ಇಪ್ಪತ್ನಾಲ್ಕನೇ ವಯಸ್ಸಿಗೆ ನಮ್ಮ ‘ಹೋಪ್‌ವೆಲ್’ ದೋಣಿ ಅವನ ಕೈಯಲ್ಲಿತ್ತು. ಹಿಂದಿನ ದಿನ ಮಧ್ಯಾಹ್ನವಿಡೀ ಕೂತು ಗಾಳಗಳಿಗೆಲ್ಲ ಚಿಪ್ಪಿನ ಮಾಂಸ ಚುಚ್ಚಿದ್ದೆ, ಒಂದು ಸಾವಿರಕ್ಕೂ ಮೇಲೆ. ಬೆಳಕು ಹರಿದಾಗ ಅವನು ಬಂದರಿನ ಹವಾಮಾಪಕ ನೋಡಿಕೊಂಡು ಬಂದ. "ಪಾದರಸ ಇಳಿದಿದೆ ಅಮ್ಮ, ಬಿರುಗಾಳಿ ಬರತ್ತೆ. ಇವತ್ತು ಬೇಡ. ವಿಲಿನೂ ಬೇಡ ಅಂತಿದ್ದಾನೆ. ಎಲ್ಲರೂ ನನ್ನ ಮಾತಿಗೆ ಕಾಯ್ತಿದ್ದಾರೆ" ಅಂದ. ವಿಲಿ ಅಂದರೆ ಕಿರ್ಸ್ಟಿಯ ಗಂಡ, ಊರವರೆಲ್ಲ ಪೊರಕೆ ವಿಲಿ ಅಂತ ಅಡ್ಡಹೆಸರಿಟ್ಟು ಕರೆಯುತ್ತಿದ್ದವನು.

ಕಿಟಕಿಯಿಂದ ನೋಡಿದೆ. ಪಕ್ಕದೂರಿನ ಎರಡು ದೋಣಿ ಹೊರಟಿದ್ದವು. ಇವತ್ತು ಹೋಗದಿದ್ದರೆ ಆ ಮಾಂಸವೆಲ್ಲ ಕೊಳೆತು, ಮತ್ತೆ ಕೂತು ಚುಚ್ಚಬೇಕು. ಕೈ ಉರಿಯುತ್ತಿತ್ತು. ಅಷ್ಟೇ ಎಪ್ಪಿ, ಕೈ ಉರಿಯುತ್ತಿತ್ತು. ನಾನು ಅಂದದ್ದು ಇದು: "ಹಾಗಾದ್ರೆ ಪುಸ್ತಕ ತೊಡೆ ಮೇಲಿಟ್ಕೊಂಡು ಒಲೆ ಮುಂದೆ ಬೆಚ್ಚಗೆ ಕೂತ್ಕೋ, ನಿಮ್ಮಕ್ಕನ ಹಾಗೆ. ಈ ಮನೇಲಿ ಕಡಲಿಗೆ ಹೋಗೋ ಗಂಡಸು ಜ್ವರ ಬಂದು ಮಲಗಿದ್ದಾನಲ್ಲ, ಇನ್ಯಾರಿದ್ದಾರೆ?"

ಅವನ ಮುಖ ಕೆಂಪಾಯಿತು. ಸ್ವೆಟರಿನೊಳಗಿಂದ ಆ ಚಿಕ್ಕ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟ. "ತಗೋ, ಪುಸ್ತಕ ಇಲ್ಲೇ ಇರ್ಲಿ. ಈಗ ಸರೀನಾ?" ಅಂದ. ಹೊರಟ. ಅವನು ಬಾಗಿಲು ಬಡಿದುಕೊಂಡು ಹೋಗುವವನಲ್ಲ. ಅವತ್ತೂ ಮೆತ್ತಗೆ ಎಳೆದುಕೊಂಡೇ ಹೋದ.

ಹೊರಟಿದ್ದ ಪಕ್ಕದೂರಿನ ದೋಣಿಗಳು ಹತ್ತು ಗಂಟೆಗೆಲ್ಲ ಹಿಂತಿರುಗಿದವು. ನಮ್ಮದು ಬರಲಿಲ್ಲ.

ಆಮೇಲಿನದು ನಿನಗೆ ಗೊತ್ತು. ಇಗರ್ಜಿಯ ಪ್ರಾರ್ಥನೆ ಮುಗಿದು ಎಲ್ಲರೂ ಬಾಗಿಲ ಬಳಿ ನಿಂತಿದ್ದಾಗ ಕಿರ್ಸ್ಟಿ ನಿನ್ನ ಮುಂದೆ ಬಂದು, "ಆಡಬಾರದ ಮಾತನ್ನೆಲ್ಲ ಬರೆಸಿ ದೋಣಿ ಮೇಲೆ ಇಟ್ಟೆಯಲ್ಲೇ, ಇನ್ನೇನಾಗತ್ತೆ" ಅಂದಳು. ನೀನು ನನ್ನ ಕಡೆ ತಿರುಗಿದೆ. ನಾನು ಏನಾದರೂ ಹೇಳುತ್ತೇನೆ ಅಂತ ನೀನು ಕಾದೆ. ಆಗ ಪುಸ್ತಕ ನಮ್ಮ ಹಿಟ್ಟಿನ ಪೆಟ್ಟಿಗೆಯಲ್ಲಿ, ಓಟ್ಸ್ ಹಿಟ್ಟಿನ ಅಡಿಯಲ್ಲಿತ್ತು. ಒಂದೇ ಮಾತು ಸಾಕಿತ್ತು. ಆದರೆ ಪುಸ್ತಕ ಮನೆಯಲ್ಲಿದೆ ಅಂದರೆ, ಮನೆಯಲ್ಲಿ ಯಾಕೆ ಉಳಿಯಿತು ಅಂತ ಕೇಳುತ್ತಿದ್ದರು. ಹವಾಮಾನ ಕೆಟ್ಟಿದ್ದರೂ ಹುಡುಗ ಯಾಕೆ ಹೊರಟ ಅಂತ ಕೇಳುತ್ತಿದ್ದರು. ಸುತ್ತಲೂ ಉಳಿದ ನಾಲ್ವರ ಮನೆಯ ಹೆಂಗಸರು ನಿಂತಿದ್ದರು. ನಾನು ನಿನ್ನ ಮುಖ ನೋಡಿ, "ನಿನ್ನ ಪುಸ್ತಕಕ್ಕೆ ಬೇಕಾದ್ದು ಸಿಕ್ತಲ್ಲ, ಇನ್ನು ಹೊರಡು" ಅಂದೆ.

ಆ ಮಾತು ಕೋಪಕ್ಕೆ ಬಂದದ್ದು, ದುಃಖಕ್ಕೆ ಬಂದದ್ದು ಅಂತ ನೀನು ಅಂದುಕೊಂಡಿರಬಹುದು. ಅಲ್ಲ. ಭಯಕ್ಕೆ ಬಂದದ್ದು.

ಪ್ರತಿ ಹೊಸ ವರ್ಷಕ್ಕೂ ನೀನು ಕಾಗದ ಬರೆದೆ. ನಿನ್ನಪ್ಪ, "ಬರಹೇಳೇ ಹುಡುಗಿಗೆ" ಅನ್ನುತ್ತಿದ್ದ. "ಕಿರ್ಸ್ಟಿ ಇರೋ ತನಕ ಅವಳಿಗೆ ಇಲ್ಲಿ ನೆಮ್ಮದಿ ಎಲ್ಲಿ" ಅಂತ ನಾನು ತಡೆಯುತ್ತಿದ್ದೆ. ನೀನು ಬಂದರೆ ನಾನು ಹೇಳಲೇಬೇಕಾಗುತ್ತಿತ್ತು.

ಮುನ್ನುಡಿಯನ್ನು ಮೂರನೇ ಸಲ ಓದಿ ಮುಗಿಸಿದಾಗ ನಿನ್ನಪ್ಪ ಪುಸ್ತಕವನ್ನು ನನ್ನ ಕೈಯಿಂದ ತೆಗೆದು ಮುಚ್ಚಿಟ್ಟ. ಆಮೇಲೆ, "ಬೆಲ್, ಅವತ್ತು ಮಂಚದ ಬಾಗಿಲು ಎಳ್ಕೊಂಡು ಮಲಗಿದ್ದೆ. ನಿದ್ದೆ ಬಂದಿರ್ಲಿಲ್ಲ" ಅಂದ.

ಒಂಬತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ, ಒಂದು ದಿನವೂ ಅವನ ಮುಖದಲ್ಲಿ ಅದು ಕಾಣಲಿಲ್ಲ. ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ. "ಎದ್ದು, ‘ಬೇಡ ಮಗನೇ, ಇರು’ ಅಂತ ನಾನೂ ಅನ್ನಬಹುದಿತ್ತಲ್ಲ. ಅನ್ಲಿಲ್ಲ. ನನಗೂ ಆ ಬೇರೆ ದೋಣಿಗಳು ಹೊರಟಿದ್ದು ಕೇಳ್ತಿತ್ತು. ನಿನ್ನನ್ನೇನಂತ ಕೇಳ್ಲಿ?" ಅಂದ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಆದ್ರೆ ಹುಡುಗಿ ಅಚ್ಚು ಹಾಕಿಸಿಬಿಟ್ಟಿದ್ದಾಳೆ. ನಾವಿಬ್ರೂ ಸತ್ತ ಮೇಲೂ ಅದು ಇರತ್ತೆ. ಸರಿ ಮಾಡೇ" ಅಂದ. ಅದಾಗಿ ಒಂಬತ್ತನೇ ದಿನ ಹೋದ. ಅಷ್ಟು ದಿನವೂ ಕಾಗದ ಮುಂದಿಟ್ಟುಕೊಂಡು ಕೂರುತ್ತಿದ್ದೆ. ಒಂದು ಸಾಲೂ ಬರಲಿಲ್ಲ. ಬರೆದಿದ್ದರೆ ನೀನು ಅವನು ಇದ್ದಾಗಲೇ ಬರುತ್ತಿದ್ದೆ. ಇದು ನನ್ನ ಎರಡನೆಯ ತಪ್ಪು. ಇದಕ್ಕೆ ಕೈ ಉರಿಯುತ್ತಿತ್ತು ಅನ್ನುವ ನೆಪವೂ ಇಲ್ಲ.

ಈ ಪತ್ರದ ಜೊತೆ ಆಲಿಕ್‌ನ ಪುಸ್ತಕ ಕಳಿಸುತ್ತಿದ್ದೇನೆ. ನಲವತ್ತೆಂಟು ಪುಟ ತುಂಬಿಸಿದ್ದಾನೆ. ಪ್ರತಿ ಮಾತಿನ ಪಕ್ಕದಲ್ಲಿ ಅದನ್ನು ಯಾರ ಬಾಯಲ್ಲಿ ಕೇಳಿದ್ದು ಅಂತ ಹೆಸರು ಬರೆದಿದ್ದಾನೆ. ಹಾಗೆ ಬರೆಯಬೇಕು ಅಂತ ನೀನೇ ಕಲಿಸಿದ್ದಂತೆ. ನಿನ್ನ ಪುಸ್ತಕ ಮತ್ತೆ ಅಚ್ಚಾಗುವಾಗ ಇವನ್ನೆಲ್ಲ ಸೇರಿಸು. ಆ ಮುನ್ನುಡಿಯನ್ನು ತೆಗೆದುಹಾಕು. ಆ ಜಾಗದಲ್ಲಿ ನನ್ನ ಹೆಸರು ಹಾಕಬೇಕು ಅನ್ನಿಸಿದರೆ ಹಾಕು, ಬೆಲ್ ಸ್ಲೇಟರ್, ಪೋರ್ಟಾರ್ಡಿ ಅಂತ. ಅದನ್ನು ಓದುವ ಪ್ರೊಫೆಸರುಗಳ ಎದುರಿಗೆ ನಾನೇನೂ ಓಡಾಡಬೇಕಾಗಿಲ್ಲ.

ಆದರೆ ಕಿರ್ಸ್ಟಿಗೆ ಹೇಳು ಅಂತ ಮಾತ್ರ ಕೇಳಬೇಡ ಎಪ್ಪಿ. ದಿನಾ ಅದೇ ಬಾವಿಕಟ್ಟೆ, ಅದೇ ಇಗರ್ಜಿ. ಅವಳ ಮನೆಯ ಹೊಗೆ ನನ್ನ ಕಿಟಕಿಗೆ ಬರುತ್ತದೆ. ಅಷ್ಟು ಧೈರ್ಯ ನನ್ನಲ್ಲಿಲ್ಲ.

ಕ್ಷಮಿಸು ಅಂತ ಬರೆಯುವುದಿಲ್ಲ. ಊಟ ಸರಿಯಾಗಿ ಮಾಡು. ನೀನಿರುವ ಆ ಅಬರ್ಡೀನಿನ ಚಳಿಗೆ ನಿನಗೆ ಯಾವಾಗಲೂ ಕೆಮ್ಮು ಬರುತ್ತಿತ್ತು.

ನಿನ್ನ ಅಮ್ಮ,
ಬೆಲ್

ಕೊನೆಗೆ ಸೇರಿಸಿದ್ದು: ಇದನ್ನು ಗುರುವಾರ ಬರೆಯುತ್ತಿದ್ದೇನೆ. ನಿನ್ನೆ ಪೊಟ್ಟಣ ಕಟ್ಟಿ ಅಂಚೆ ಕಚೇರಿಗೆ ಹೊರಟವಳು ಕಿರ್ಸ್ಟಿಯ ಮನೆ ಬಾಗಿಲಲ್ಲಿ ನಿಂತುಬಿಟ್ಟೆ. ಹೇಗೆ ಅಂತ ನನಗೂ ಗೊತ್ತಿಲ್ಲ. ಒಳಗೆ ಕರೆಯಲಿಲ್ಲ, ಹೋದೆ. ನಿನಗೆ ಬರೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಕಾಲುಚೀಲ ಹೆಣೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಹೇಳಿ ಮುಗಿದ ಮೇಲೆ, "ನಿನ್ನ ಮುಖ ನೋಡೋಕೆ ನಂಗೆ ಮನಸ್ಸಿಲ್ಲ, ಬೆಲ್. ಆ ಕಡೆ ತಿರುಗಿ ಕೂತ್ಕೋ" ಅಂದಳು. ಕೂತೆ. "ಅದ್ರಲ್ಲಿ ವಿಲಿ ಹೇಳಿದ್ದು ಏನಾದ್ರೂ ಇದ್ಯಾ?" ಅಂತ ಕೇಳಿದಳು. ಪೊಟ್ಟಣ ಬಿಚ್ಚಿ ಹುಡುಕಿದೆ. ವಿಲಿಯ ಹೆಸರಿನಲ್ಲಿ ಹನ್ನೊಂದು ಮಾತಿದ್ದವು. ಗೋಡೆಯ ಕಡೆ ಮುಖ ಮಾಡಿಕೊಂಡು ಒಂದೊಂದಾಗಿ ಓದಿದೆ. ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು. "ಇಪ್ಪತ್ತಾರು ವರ್ಷ ಅವನ ಜೊತೆ ಬಾಳಿದ್ದೀನಿ. ಇದ್ರಲ್ಲಿ ಒಂದನ್ನೂ ನನ್ನ ಮುಂದೆ ಆಡಿಲ್ಲ. ಕಡಲಲ್ಲಿ ಅವನು ಹೀಗೆಲ್ಲ ಮಾತಾಡ್ತಿದ್ನಾ?" ಅಂದಳು. ಆಮೇಲೆ, "ಇನ್ನೊಂದ್ಸಲ ಓದು" ಅಂದಳು.

ಕತ್ತಲಾಗುವ ತನಕ ಓದಿದೆ. ಏಳುವಾಗ ಕೈ ಚಾಚಿದಳು, ಪುಸ್ತಕ ಕೊಟ್ಟುಬಂದೆ. ಆದ್ದರಿಂದ ಈ ಲಕೋಟೆಯಲ್ಲಿ ಅದಿಲ್ಲ. ನಿನಗೆ ಬೇಕಿದ್ದರೆ ನೀನೇ ಬಂದು ಅವಳನ್ನು ಕೇಳಬೇಕು. ಕೊಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.